ಪ್ಲಗ್ಗಿಗೆ ಕಟ್ಟಿದ ಪಾನಾ

ನನ್ನ ಎಡಗೈ ಹೆಬ್ಬೆರಳ ಬುಡದಲ್ಲಿ ಏಳು ಹೊಲಿಗೆಯ ಗುರುತಿದೆ. ಹೊಸ ಹುಡುಗರು ಕೆಲಸಕ್ಕೆ ಬಂದರೆ ಮೊದಲ ದಿನ ಅದನ್ನೇ ತೋರಿಸುತ್ತೇನೆ. ಭಾಷಣ ಬಿಗಿಯುವುದಕ್ಕಿಂತ ಅದು ಸುಲಭ.

ನಾನು ಉಡುಪಿ ಕಡೆಯವನು. ಅಪ್ಪ ಊರಲ್ಲಿ ಆಚಾರಿ. ಉಳಿ, ಕೊಡತಿ, ಕೀಸುಳಿ, ಗರಗಸ, ಅಷ್ಟೇ ಅವರ ಆಸ್ತಿ. ನಾನು ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಫ್ಲ್ಯಾಟುಗಳ ಇಂಟೀರಿಯರ್ ಕೆಲಸ ಹಿಡಿದಾಗ ಮೊದಲು ಕೊಂಡದ್ದು 4 ಇಂಚಿನ ಗ್ರೈಂಡರ್. ಮುಂಬಯಿಯ ನಾಗದೇವಿ ಸ್ಟ್ರೀಟಿನಿಂದ ಲೋಕಲ್ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಗ್ರೈಂಡರ್ ಇರುವುದು ಕಬ್ಬಿಣ ಉಜ್ಜಲು, ಕತ್ತರಿಸಲು. ಆದರೆ ಅದಕ್ಕೆ ಹಲ್ಲಿನ ಬ್ಲೇಡ್ ಹಾಕಿ ಮರ ಕೊಯ್ಯುವುದು ನಾನು ಕಂಡ ಎಲ್ಲ ಸೈಟಿನಲ್ಲೂ ಇತ್ತು. ನಾನೂ ಹಾಗೇ ಮಾಡಿದೆ. ಬ್ಲೇಡ್ ಮುಚ್ಚುವ ಗಾರ್ಡ್ ಇದ್ದರೆ ಗೆರೆ ಕಾಣುವುದಿಲ್ಲ ಅಂತ ಅದನ್ನು ಬಿಚ್ಚಿ ಚೀಲದ ತಳಕ್ಕೆ ಹಾಕಿದ್ದೆ.

ಅವತ್ತು ಒಂದು ಸಾಗುವಾನಿ ದಾರಂದದ (ಬಾಗಿಲ ಚೌಕಟ್ಟಿನ) ಬುಡ ಅರ್ಧ ಇಂಚು ಕೊಯ್ಯಬೇಕಿತ್ತು. ಬಲಗೈಯಲ್ಲಿ ಮಶೀನು, ಎಡಗೈಯಲ್ಲಿ ಮರ. ಎರಡನೇ ಕೈಯಲ್ಲಿ ಹಿಡಿಯುವ ಸೈಡ್ ಹ್ಯಾಂಡಲ್ ಅನ್ನೋದು ನಮ್ಮ ಪಾಲಿಗೆ ಡಬ್ಬಿಯೊಳಗೆ ಉಳಿಯುವ ಸಾಮಾನು. ಬ್ಲೇಡಿನ ಹಲ್ಲು ಮರದ ಗಂಟಿಗೆ ಸಿಕ್ಕಿತು. ಟಕ್ ಅಂತ ಸದ್ದು, ಮಶೀನು ನನ್ನ ಕಡೆಗೇ ಹಾರಿತು. ನೋವು ಆಮೇಲೆ ಬಂತು. ಮೊದಲು ಕಂಡದ್ದು ನೆಲದ ಮೇಲೆ ಹಾವಿನ ಹಾಗೆ ಹೊರಳಾಡುತ್ತಿದ್ದ ಗ್ರೈಂಡರ್. ಸ್ವಿಚ್ಚು ಲಾಕ್ ಆಗಿತ್ತು, ಕೈ ಬಿಟ್ಟರೂ ನಿಲ್ಲಲಿಲ್ಲ. ಪೈಂಟ್ ಹೊಡೆಯುತ್ತಿದ್ದವ ಏಣಿಯಿಂದ ಇಳಿದು ಪ್ಲಗ್ ಎಳೆದ.

ಒಂದೂವರೆ ತಿಂಗಳು ಮನೆಯಲ್ಲಿ ಕೂತೆ. ಬೇರೆ ಕೆಲಸವಿಲ್ಲದೆ ಲೆಕ್ಕ ಹಾಕಿದೆ. ಮಶೀನಿನ ಮೇಲೆ 11,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ಅಂತ ಬರೆದಿದೆ. 4 ಇಂಚಿನ ಬ್ಲೇಡಿನ ಸುತ್ತಳತೆ ಸುಮಾರು 32 ಸೆಂಟಿಮೀಟರ್. ಅಂದರೆ ಹಲ್ಲಿನ ತುದಿ ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ ಓಡುತ್ತದೆ. ನಾನು ಜೋತುಬಿದ್ದು ಹೋಗುವ ಫಾಸ್ಟ್ ಲೋಕಲ್‌ನ ಸುಮಾರು ಎರಡು ಪಟ್ಟು! ಕಬ್ಬಿಣ ಕೊಯ್ಯುವ ಡಿಸ್ಕ್ ಸ್ವಲ್ಪ ಸ್ವಲ್ಪವೇ ಸವೆಸುತ್ತಾ ಹೋಗುತ್ತದೆ. ಹಲ್ಲಿನ ಬ್ಲೇಡ್ ಹಾಗಲ್ಲ, ಕಚ್ಚುತ್ತದೆ. ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೂ ಸಾಕು, ಮಶೀನು ಎಗರುತ್ತದೆ. ಮರದ ಮೇಲೆ ಒರಗಿಸಿಕೊಳ್ಳಲು ಗ್ರೈಂಡರಿಗೆ ಅಡಿಯ ತಟ್ಟೆಯೂ ಇಲ್ಲ.

ಕೈ ವಾಸಿಯಾದ ಮೇಲೆ ಮೊದಲ ಖರ್ಚು ಸರ್ಕ್ಯುಲರ್ ಸಾ, ಮರ ಕೊಯ್ಯಲೆಂದೇ ಇರುವ ದುಂಡು ಬ್ಲೇಡಿನ ಮಶೀನು. ಅದರ ಕೆಳಗಿನ ಗಾರ್ಡಿಗೆ ಸ್ಪ್ರಿಂಗ್ ಇರುತ್ತದೆ, ಮರದಿಂದ ಹೊರಬಂದ ಕೂಡಲೇ ಬ್ಲೇಡನ್ನು ಮುಚ್ಚುತ್ತದೆ. ಅದಕ್ಕೂ ಪ್ಲೈ ಚೂರು ಸಿಕ್ಕಿಸಿ ತೆರೆದಿಡುವ ಮಹಾನುಭಾವರಿದ್ದಾರೆ, ಬಿಡಿ. 19 ಎಂಎಂ ಪ್ಲೈ ಕೊಯ್ಯುವಾಗ ಬ್ಲೇಡ್ ಕೆಳಗೆ ಕಾಲಿಂಚು ಇಣುಕಿದರೆ ಸಾಕು. ಹಲಗೆಯ ಎರಡೂ ಕಡೆ ಆಸರೆ ಕೊಟ್ಟು, ತುಂಡಾಗುವ ಭಾಗ ಸೀಳನ್ನು ಮುಚ್ಚದಂತೆ ನೋಡಿಕೊಳ್ಳುತ್ತೇನೆ. ಗ್ರೈಂಡರ್ ಈಗ ಕಬ್ಬಿಣಕ್ಕೆ ಮಾತ್ರ, ಗಾರ್ಡ್ ಸಮೇತ. ಡಿಸ್ಕಿನ ಮೇಲಿನ ಆರ್‌ಪಿಎಂ ಮಶೀನಿನದಕ್ಕಿಂತ ಕಡಿಮೆ ಇರಲೇಬಾರದು. 7 ಇಂಚಿನ ಡಿಸ್ಕ್ 8,500ರ ಆಸುಪಾಸಿನದು. ಗಾರ್ಡ್ ಕಿತ್ತು ಅದನ್ನು 4 ಇಂಚಿನ ಮಶೀನಿಗೆ ಹಾಕಿದರೆ ಒಡೆದು ಚೂರುಗಳು ಮುಖಕ್ಕೇ ಬರಬಹುದು. ಕನ್ನಡಕ ಹಾಕದೆ ಸ್ವಿಚ್ ಒತ್ತುವವರಿಗೆ ನನ್ನ ಸೈಟಿನಲ್ಲಿ ಚಹಾ ಇಲ್ಲ.

ಇನ್ನು ಕರೆಂಟು. ಸೈಟಿನಲ್ಲಿ ಪ್ಲಗ್ ಇಲ್ಲದ ವೈರನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸುವುದನ್ನು ನೀವೂ ನೋಡಿರಬಹುದು. ನಾನೂ ಮಾಡಿದವನೇ. ಈಗ ನನ್ನದೇ ಬೋರ್ಡ್ ಹೊತ್ತು ಹೋಗುತ್ತೇನೆ, ಅದರಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆ, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು. ಕರೆಂಟು ಮೈಮೂಲಕ ನೆಲಕ್ಕೆ ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಕಟ್ ಮಾಡುತ್ತದೆ. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಮಾತ್ರ ಅದನ್ನು ನಂಬುವಂತಿಲ್ಲ. ಬೆಳಿಗ್ಗೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿಯೇ ಕೆಲಸ ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ, ಅಲ್ವಾ? ಒದ್ದೆ ನೆಲದಲ್ಲಿ ವೈರು ಬಿಡುವುದಿಲ್ಲ, ಕಿಟಕಿಯ ಸರಳಿಗೆ ನೇತುಹಾಕುತ್ತೇವೆ. ವೈರಿನ ರೀಲ್ ಸುತ್ತಿಟ್ಟುಕೊಂಡೇ ದೊಡ್ಡ ಮಶೀನು ಓಡಿಸಿದರೆ ಒಳಗಿನ ಸುತ್ತು ಬಿಸಿಯಾಗಿ ಕರಗಬಹುದು. ಅದಕ್ಕೆ ಪೂರ್ತಿ ಬಿಚ್ಚುತ್ತೇವೆ.

ಡ್ರಿಲ್ ವಿಷಯದಲ್ಲಿ ಜಗಳ ಆಗುವುದು ಗ್ಲೌಸಿಗೆ. ತಿರುಗುವ ಡ್ರಿಲ್ ಬಿಟ್‌ಗೆ ಗ್ಲೌಸಿನ ನೂಲು ಸಿಕ್ಕರೆ ಕೈಯನ್ನೂ ಸುತ್ತಿಕೊಳ್ಳುತ್ತದೆ, ಆದ್ದರಿಂದ ಬರಿಗೈ. ಕಾರ್ಕಳದ ಹುಡುಗನೊಬ್ಬ ಮಣಿಕಟ್ಟಿಗೆ ಊರ ದೇವಸ್ಥಾನದ ನೂಲು ಕಟ್ಟಿಕೊಂಡಿದ್ದ. ಬಿಚ್ಚು ಅಂದೆ. "ಅಮ್ಮ ಕಟ್ಟಿದ್ದು ಅಣ್ಣ, ಬಿಚ್ಚುದಿಲ್ಲ" ಅಂದ. ಕೊನೆಗೆ ಮೊಣಕೈ ಮೇಲೆ, ತೋಳಿಗೆ ಕಟ್ಟಿಕೊಂಡ. ಇಬ್ಬರ ಮಾತೂ ಉಳಿಯಿತು. ಗೋಡೆಗೆ ತೂತು ಹಾಕುವಾಗ ಸ್ವಿಚ್‌ಬೋರ್ಡಿನ ನೇರಕ್ಕೆ, ಮೇಲೆ ಕೆಳಗೆ, ಡ್ರಿಲ್ ಇಡುವುದಿಲ್ಲ, ಒಳಗೆ ವೈರಿನ ಪೈಪು ಹೋಗಿರುತ್ತದೆ. ಗೋಡೆಯಾಚೆ ಬಾತ್‌ರೂಮ್ ಇದ್ದರೆ ಹೋಗಿ ನಲ್ಲಿ ಎಲ್ಲಿದೆ ನೋಡಿ ಬರುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕು ಸದ್ದು ಮಾಡಬಾರದು ಅನ್ನುವ ಸೊಸೈಟಿಗಳೂ ಇವೆ. ಎರಡಕ್ಕೆ ಮುಗಿಸುವ ಆತುರದಲ್ಲೇ ಒಮ್ಮೆ ನೀರಿನ ಪೈಪು ತೂತಾಗಿದ್ದು.

ಪಾನಾ, ಅಂದರೆ ಬ್ಲೇಡಿನ ನಟ್ಟು ಬಿಚ್ಚುವ ಸ್ಪ್ಯಾನರ್, ಅದರ ಕಥೆ ಬಾಕಿ ಇದೆ. ಬ್ಲೇಡ್ ಬದಲಿಸುವಾಗ ಪ್ಲಗ್ ಎಳೆಯಬೇಕು ಅಂತ ಎಲ್ಲರಿಗೂ ಗೊತ್ತು, ಆ ಹೊತ್ತಿಗೆ ಮರೆಯುತ್ತದೆ. ಅದಕ್ಕೇ ನಾನು ಗ್ರೈಂಡರಿನ ಪಾನಾ, ಡ್ರಿಲ್ಲಿನ ಬಿಟ್ ಬಿಗಿಯುವ ಚಕ್ ಕೀ, ಎರಡನ್ನೂ ಆಯಾ ವೈರಿನ ತುದಿಗೆ, ಪ್ಲಗ್ಗಿನ ಪಕ್ಕವೇ ಟೇಪ್ ಸುತ್ತಿ ಕಟ್ಟಿದ್ದೇನೆ. ಪಾನಾ ಬೇಕಾದರೆ ಪ್ಲಗ್ ಎಳೆದು ಆ ತುದಿಯನ್ನು ಮಶೀನಿನ ಹತ್ತಿರ ತರಲೇಬೇಕು. ಮತ್ತೆ ಪ್ಲಗ್ ಹಾಕುವ ಮೊದಲು ಸ್ವಿಚ್ಚಿನ ಲಾಕ್ ಬಿಟ್ಟಿದೆಯಾ ಅಂತ ನೋಡಬೇಕು. ಇಲ್ಲದಿದ್ದರೆ ಮೇಜಿನಿಂದ ಅದು ತಾನೇ ಹಾರುತ್ತದೆ.

ಹೋದ ತಿಂಗಳು ಹೊಸ ಗ್ರೈಂಡರ್ ತಂದೆ. ಚಹಾ ಕುಡಿದು ಬರುವಷ್ಟರಲ್ಲಿ ಕಾರ್ಕಳದ ಹುಡುಗ ಪಾನಾ ಕಟ್ಟಿ ಮುಗಿಸಿದ್ದ. ಟೇಪನ್ನು ನೀಟಾಗಿ ಸುತ್ತಿದ್ದ. ಆದರೆ ಕಟ್ಟಿದ್ದು ಮಶೀನಿನ ಬುಡದಲ್ಲಿ.

"ಕೈಗೆ ಹತ್ತಿರ ಇರ್ಲಿ ಅಂತ ಅಣ್ಣ" ಅಂದ.

ಟೇಪಿನ ರೀಲನ್ನು ಅವನ ಕೈಗೇ ಕೊಟ್ಟೆ.