16 ಚುಕ್ಕಿಯಲ್ಲಿ ಅಂಗಡಿಯ ಗುರುತು: ಫೆವಿಕಾನ್ ಹಾಕುವ ಸರಿಯಾದ ಕ್ರಮ

ಇಳಕಲ್ಲಿನ ಸೀರೆ ಅಂಗಡಿಯೊಂದರ ವೆಬ್‌ಸೈಟ್ ತೆರೆದಿದ್ದೆ. ಫೋಟೊ ಚೆಂದ, ಬೆಲೆ ಸ್ಪಷ್ಟ. ಆದರೆ ಮೇಲೆ ಟ್ಯಾಬ್‌ನಲ್ಲಿ ಹೆಸರಿನ ಪಕ್ಕ ಕೆಂಪು ಕಲೆಯಂಥದ್ದು ಏನೋ ಇತ್ತು. ಹಿಗ್ಗಿಸಿ ನೋಡಿದರೆ ಅಂಗಡಿಯ ಇಡೀ ಲೋಗೊ! ಹೆಸರು, ಊರು, ಫೋನ್ ನಂಬರ್ ಎಲ್ಲಾ ಅದರಲ್ಲೇ ತುರುಕಿದ್ದರು. ನಮ್ಮ ಬಾಗಲಕೋಟೆ ಕಡೆಯ ಸೈಟ್‌ಗಳಲ್ಲಿ ಈ ತಪ್ಪನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ.

ಆ ಪುಟ್ಟ ಚಿತ್ರವೇ ಫೆವಿಕಾನ್. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂತು. ಆಗ ‘ಫೇವರಿಟ್ಸ್’ ಪಟ್ಟಿಯಲ್ಲಿ ಕಾಣುತ್ತಿತ್ತು, ಅದಕ್ಕೇ ಈ ಹೆಸರು.

ಮೊದಲು ಚಿತ್ರ. ಎಲ್ಲರೂ ಎಡವುವುದು ಇಲ್ಲೇ. ಟ್ಯಾಬ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಉದ್ದ 16, ಅಗಲ 16 ಪಿಕ್ಸೆಲ್. ಒಟ್ಟು 256 ಚುಕ್ಕಿ. ಕನ್ನಡದ ಒಂದು ಒತ್ತಕ್ಷರವೂ ಅದರಲ್ಲಿ ನೆಟ್ಟಗೆ ಕೂರುವುದಿಲ್ಲ. ಹಾಗಾಗಿ ಲೋಗೊ ಕುಗ್ಗಿಸಬೇಡಿ, ಬೇರೆಯೇ ಬಿಡಿಸಿ. ಇಳಕಲ್ ಸೀರೆಯ ಅಂಗಡಿ ಅಲ್ವಾ? ತೋಪು ತೆನಿ ಸೆರಗಿನಿಂದ ಒಂದೇ ಒಂದು ತೆನಿ (ಬುಡ ಅಗಲ, ತುದಿ ಚೂಪಾದ ಆಕಾರ) ತೆಗೆದುಕೊಳ್ಳಿ. ಕೆಂಪು ನೆಲ, ಬಿಳಿ ತೆನಿ, ಅಷ್ಟೇ ಸಾಕು.

ನಾನು ಚೌಕುಳಿ ಹಾಳೆಯಲ್ಲಿ ಉದ್ದಕ್ಕೂ ಅಗಲಕ್ಕೂ 16 ಮನೆ ಗುರುತು ಹಾಕಿ ಪೆನ್ಸಿಲ್‌ನಲ್ಲಿ ತುಂಬುತ್ತೇನೆ. ಬುಡದ ಎರಡು ಸಾಲಿಗೆ 14 ಮನೆ, ಅದರ ಮೇಲಿನ ಎರಡಕ್ಕೆ 12, ಆಮೇಲೆ 10. ಹೀಗೇ ಇಳಿಸುತ್ತಾ ತುದಿಗೆ 2. ಸುತ್ತಲೂ ಒಂದು ಮನೆ ಕೆಂಪು ಉಳಿಯುತ್ತದೆ. ನೇಕಾರರು ಎಳೆ ಎಣಿಸಿ ತೆನಿ ಮೂಡಿಸುವ ಹಾಗೆ ಇದೂ ಎಣಿಕೆಯ ಕೆಲಸ. ನೆರಳು, ಮಿಂಚು, ಸಣ್ಣ ಗೆರೆ ಏನೂ ಬೇಡ. ಕುಗ್ಗಿದಾಗ ಅವೆಲ್ಲ ಮಸುಕಾಗುತ್ತವೆ. ನೆಲದ ಬಣ್ಣ ಮಾತ್ರ ಬಿಡಬೇಡಿ. ಹಿನ್ನೆಲೆ ಇಲ್ಲದ ಕಪ್ಪು ಗುರುತು ಡಾರ್ಕ್ ಮೋಡ್‌ನಲ್ಲಿ ಕಾಣುವುದೇ ಇಲ್ಲ.

ಇದನ್ನೇ 16, 32, 48 ಅಳತೆಯಲ್ಲಿ ಮಾಡಿ, ಮೂರನ್ನೂ ಒಂದೇ ಐಸಿಒ (.ico, ಐಕಾನ್‌ಗೆಂದೇ ಇರುವ ಬಗೆಯ) ಫೈಲ್‌ಗೆ ಸೇರಿಸಿ. ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮೂರು ಲೇಯರ್ (ಪದರ) ಇಟ್ಟು ಎಕ್ಸ್‌ಪೋರ್ಟ್ ಮಾಡಿದರೆ ಆಯಿತು, ದುಡ್ಡು ಕೊಡಬೇಕಿಲ್ಲ. ಪಿಎನ್‌ಜಿ (.png) ಚಿತ್ರದ ಫೈಲಿನ ಹೆಸರಿನ ಬಾಲ ಬದಲಿಸಿ ಐಸಿಒ ಎಂದು ಬರೆದರೆ ಅದು ಐಸಿಒ ಆಗುವುದಿಲ್ಲ. ‘ಒಂದೇ ಕ್ಲಿಕ್’ ಎನ್ನುವ ಸೈಟ್‌ಗಳ ಸಹವಾಸವೂ ಬೇಡ. ಲೋಗೊ ಸುಮ್ನೆ ಕುಗ್ಗಿಸಿ, ಬೇಡದ ಫೈಲುಗಳ ರಾಶಿ ಕೊಡುತ್ತವೆ. ಐಫೋನ್‌ಗೆ ಮಾತ್ರ 180 ಅಳತೆಯ ಪಿಎನ್‌ಜಿ ಒಂದು ಬೇರೆ ಬೇಕು.

ಫೈಲನ್ನು ಸೈಟಿನ ಮೂಲ ಫೋಲ್ಡರ್‌ಗೆ ಹಾಕಿ, ಪುಟದ ಕೋಡ್‌ನ ಹೆಡ್ (<head>) ಭಾಗದಲ್ಲಿ ಅದಕ್ಕೆ ಲಿಂಕ್ ಕೊಡಿ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಆದರೆ ‘ಸೈಟ್ ಐಕಾನ್’ ಜಾಗದಲ್ಲಿ 512 ಅಳತೆಯ ಚೌಕ ಚಿತ್ರ ಏರಿಸಿ.

ಇಷ್ಟಾದ ಮೇಲೂ ಹಳೆಯದೇ ಕಂಡರೆ ಗಾಬರಿ ಬೇಡ. ಬ್ರೌಸರ್ ಹಳೇ ಚಿತ್ರವನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಲಿಂಕ್‌ನಲ್ಲಿ ಫೈಲಿನ ಹೆಸರಿನ ಕೊನೆಗೆ ?v=2 ಎಂದು ಸೇರಿಸಿ. ಬ್ರೌಸರ್ ಅದನ್ನು ಹೊಸ ವಿಳಾಸ ಎಂದುಕೊಂಡು ಹೊಸ ಚಿತ್ರ ತರುತ್ತದೆ. ಗೂಗಲ್ ಹುಡುಕಾಟದಲ್ಲಿ ಬದಲಾಗಲು ಕೆಲವು ದಿನ, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಲ್ಲಿಯವರೆಗೆ ಫೆವಿಕಾನ್ ಫೈಲಿನ ವಿಳಾಸವನ್ನು ಮತ್ತೆ ಬದಲಿಸಬೇಡಿ.