ಅಂಗವಿಕಲ ಮಕ್ಳ ಡೇ ಕೇರ್ ತೆಗೀತೀರೇನು? ಬೋರ್ಡ್ ಬರೆಸೂಕಿಂತ ಮೊದ್ಲ ಇಷ್ಟು ಮಾಡ್ರಿ

ನಮ್ಮ ಕಡೆ ಈ ಕೆಲಸಕ್ಕ ಕೈ ಹಾಕೋರು ಭಾಳ ಮಂದಿ ತಮ್ಮ ಮನ್ಯಾಗ ಅಂಥಾ ಒಂದು ಕೂಸು ಇದ್ದೋರ. ಮಗನ್ನ ಬಿಡಾಕ ಹುಬ್ಬಳ್ಳ್ಯಾಗ ಜಾಗಾ ಸಿಗಲಿಲ್ಲ, ಸಿಕ್ರೂ ಮನಸ್ಸಿಗೆ ಬರಲಿಲ್ಲ, ಓಣ್ಯಾಗ ಇನ್ನೂ ನಾಕ್ ಮಂದಿ ತಾಯಂದ್ರು ಇದ ಗೋಳಿನ್ಯಾಗ ಅದಾರ, ನಾವ ಯಾಕ ಒಂದ್ ಸೆಂಟರ್ ತೆಗೀಬಾರ್ದು ಅಂತ ಎರಡು ಖೋಲಿ ಮನಿ ಬಾಡಿಗಿ ಹಿಡಿದು, ಪೂಜಾ ಮಾಡ್ಸಿ ಚಾಲೂ ಮಾಡಿಬಿಡ್ತಾರ. ಕಾಗದಪತ್ರ ಎಲ್ರಿ ಅಂದ್ರ "ಸೇವಾ ಮಾಡಾಕ ಪರ್ಮಿಷನ್ ಯಾಕ್ರಿ, ಗದಗಿನ ಪುಣ್ಯಾಶ್ರಮ ಏನ್ ಲೈಸೆನ್ಸ್ ಹಿಡಕೊಂಡು ಶುರು ಆಗಿತ್ತೇನು" ಅಂತಾರ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ತಮಗ ಕಣ್ಣಿಲ್ಲದಿದ್ರೂ ಅಂಧ ಮಕ್ಳಿಗೆ ಅನ್ನಾನೂ ಕೊಟ್ರು ಸಂಗೀತಾನೂ ಕೊಟ್ರು, ಅವ್ರಿಗೆ ಕೈ ಮುಗೀತೀನಿ. ಆದ್ರ ಪಂಚಾಕ್ಷರಿ ಗವಾಯಿಗಳ ಕಾಲಕ್ಕ, ಇಂಥಾ ಸಂಸ್ಥೆಗೆ ನೋಂದಣಿ ಬೇಕು ಅನ್ನೂ ಕಾಯ್ದೆನ ಇರಲಿಲ್ಲ. ಮತ್ತ ಎಲ್ಲಾರೂ ಗವಾಯಿಗಳಲ್ಲ. 2001ರ ಆಗಸ್ಟ್ 6ಕ್ಕ ತಮಿಳುನಾಡಿನ ಏರ್ವಾಡಿ ಅನ್ನೂ ದರ್ಗಾದ ಊರಾಗ ಒಂದು ಖಾಸಗಿ ಆರೈಕೆ ಕೇಂದ್ರಕ್ಕ ಬೆಂಕಿ ಬಿತ್ತು, ಮಾನಸಿಕ ರೋಗಿಗಳನ್ನ ಸರಪಳಿ ಹಾಕಿ ಕಟ್ಟಿದ್ರು, ಓಡಾಕ ಬರದ 28 ಮಂದಿ ಸುಟ್ಟು ಹೋದ್ರು. ಪರ್ಮಿಷನ್ ಯಾಕ ಅಂತ ಕೇಳೋರಿಗೆ ನಾ ಇದನ್ನ ಹೇಳ್ತೀನಿ.

ಈಗ ಕೆಲಸಕ್ಕ ಬರೂಣು.

ಮೊದಲನೇದು, ಏನ್ ಮಾಡಾವ್ರು ಅಂತ ಒಂದ ಸಾಲಿನ್ಯಾಗ ಬರ್ಕೋರಿ. ಬೆಳಿಗ್ಗೆ ಬಂದು ಸಂಜಿಗೆ ಮನಿಗೆ ಹೋಗೂ ಡೇ ಕೇರ್ ಬ್ಯಾರೆ, ಥೆರಪಿ ಸೆಂಟರ್ ಬ್ಯಾರೆ, ರಾತ್ರಿ ಮಲಗಿಸ್ಕೊಳ್ಳೂ ಹಾಸ್ಟೆಲ್ ಅಂತೂ ಪೂರ್ತಿ ಬ್ಯಾರೆ. ನನ್ನ ಮಾತು ಕೇಳಿದ್ರ ಮೊದಲ ಮೂರು ವರ್ಷ ಹಾಸ್ಟೆಲ್ ಗೋಜಿಗೆ ಹೋಗಬ್ಯಾಡ್ರಿ. ರಾತ್ರಿ ಎರಡಕ್ಕ ಕೂಸಿಗೆ ಫಿಟ್ಸ್ ಬಂದ್ರ ಎದ್ದು ನೋಡೋರು ಯಾರು ಅನ್ನೂದಕ್ಕ ಹೆಸರು ಹಿಡಿದು ಉತ್ತರ ಹೇಳಾಕ ಬರೂತನಾ ಅದು ಬ್ಯಾಡ. ಮಾನಸಿಕ ಕಾಯಿಲೆ ಇದ್ದೋರನ್ನ ಇಟ್ಕೊಂಡು ಚಿಕಿತ್ಸೆ, ಆರೈಕೆ ಮಾಡ್ತೀವಿ ಅಂದ್ರ ಅದಕ್ಕ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಬ್ಯಾರೆ ನೋಂದಣಿ, ಅದನ್ನ ಇದರ ಜೋಡಿ ಕಲಸಬ್ಯಾಡ್ರಿ.

ಎರಡನೇದು ಸಂಸ್ಥೆ ಕಟ್ಟೂದು. ಟ್ರಸ್ಟ್ ಆದ್ರ ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ಡೀಡ್, ಸಂಘ ಆದ್ರ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೆಳಗ ಕಮ್ಮೀತ ಕಮ್ಮಿ ಏಳು ಮಂದಿ, ಇಲ್ಲಾಂದ್ರ ಸೆಕ್ಷನ್ 8 ಕಂಪನಿ, ಅಂದ್ರ ಲಾಭಕ್ಕಲ್ಲದ ಕಂಪನಿ. ಗಂಡ ಹೆಂಡ್ತಿ ಅಳಿಯ ಮೂರ ಮಂದಿ ಟ್ರಸ್ಟಿ ಆಗಬ್ಯಾಡ್ರಿ, ಮುಂದ ಗ್ರಾಂಟ್ ಕೇಳಾಕ ಹೋದಾಗ ಮುಖ ನೋಡ್ತಾರ. ಪ್ಯಾನ್, ಬ್ಯಾಂಕ್ ಖಾತೆ ಸಂಸ್ಥೆ ಹೆಸರಿಗೇ ಇರ್ಲಿ. 12ಎ, 80ಜಿ ಅಂತ ಮಂದಿ ಕರಿಯೂ ಆದಾಯ ತೆರಿಗಿ ವಿನಾಯಿತಿ ನೋಂದಣಿ ಎಲ್ಲಾ ಆಡಿಟರ್ ಮಾಡಿ ಕೊಡ್ತಾರ, ಅದರ ಬಗ್ಗೆ ತಲಿ ಕೆಡಿಸ್ಕೋಬ್ಯಾಡ್ರಿ.

ಮೂರನೇದು ಖರೇ ಅಂದ್ರ ಎಲ್ಲಾದ್ರ ತಾಯಿಬೇರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಸೆಕ್ಷನ್ 50. ವಿಕಲಚೇತನರ ಆರೈಕೆ, ಶಿಕ್ಷಣ, ತರಬೇತಿ, ಪುನರ್ವಸತಿ ಯಾವುದ ಮಾಡೂ ಸಂಸ್ಥೆ ಇರ್ಲಿ, ನೋಂದಣಿ ಸರ್ಟಿಫಿಕೇಟ್ ಇಲ್ದ ನಡೆಸಂಗಿಲ್ಲ. ಫೀ ತಗೊಂಡ್ರೂ ಅಷ್ಟ, ಪುಕ್ಕಟೆ ಮಾಡಿದ್ರೂ ಅಷ್ಟ. ಜಿಲ್ಲಾ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಅಧಿಕಾರಿ ಕಚೇರಿಗೆ ಹೋಗಿ ಏನೇನ್ ಕಾಗದ ಬೇಕು ಅಂತ ಕೇಳ್ರಿ, ಬಾಯಿ ಮಾತಿನ್ಯಾಗ ಅಲ್ಲ, ಪಟ್ಟಿ ಬರಿಸ್ಕೊಂಡು ಬರ್ರಿ. ಅರ್ಜಿ ಕೊಟ್ಟ 90 ದಿನದಾಗ ತೀರ್ಮಾನ ಆಗಬೇಕಂತ ಕಾಯ್ದೆ ಹೇಳ್ತೈತಿ, ಅದಕ್ಕ ಸ್ವೀಕೃತಿ ಇಲ್ದ ಅರ್ಜಿ ಕೊಡಬ್ಯಾಡ್ರಿ, ತಾರೀಖು ಹಾಕಿದ ಸಿಕ್ಕಾ ಇದ್ರ ನಾಳೆ ನಿಂತು ಕೇಳಾಕ ಬರ್ತೈತಿ. ಕಾಯ್ದೆ ಮುರಿದ್ರ ಮೊದಲ ಸಲ 10,000 ರೂಪಾಯಿ ತನಕ ದಂಡ, ಮತ್ತ ಮುರಿದ್ರ 50,000ದಿಂದ 5 ಲಕ್ಷ. ನಮ್ಮ ಪರಿಚಯದ ಒಬ್ರು ಅಕ್ಕಾರು ಸರ್ಟಿಫಿಕೇಟ್ ಬರೂಕಿಂತ ಮೊದ್ಲ ಹನ್ನೆರಡು ಮಕ್ಳನ್ನ ಸೇರಿಸ್ಕೊಂಡು, ತಪಾಸಣೆಗೆ ಬಂದೋರು ಮುಚ್ಚರಿ ಅಂದಾಗ ಆ ತಾಯಂದ್ರ ಮುಂದ ನಿಂತು ಅತ್ತದ್ದನ್ನ ನೋಡೀನಿ, ದಂಡದಕಿಂತ ಅದು ಭಾರ.

ಜಾಗಾ ಹುಡುಕೂದು

ನವನಗರ ಕಡೆ ಆಗ್ಲಿ ವಿದ್ಯಾಗಿರಿ ಕಡೆ ಆಗ್ಲಿ, ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸಿನ ಸ್ಟಾಪಿಗೆ ಹತ್ರ ಇದ್ದ ಮನಿ ನೋಡ್ರಿ. ಚಿಗರಿ ಬಸ್ಸು ಪ್ಲಾಟ್‌ಫಾರ್ಮಿಗೆ ಸಮ ನಿಲ್ಲೂದ್ರಿಂದ ವೀಲ್ ಚೇರ್ ಇದ್ದೋರಿಗೆ ಅನುಕೂಲ, ಆಟೋ ರೊಕ್ಕ ಉಳೀತೈತಿ. ಬಾಡಿಗಿ ಕಮ್ಮಿ ಅಂತ ಮೊದಲ ಮಹಡಿ ಹಿಡೀಬ್ಯಾಡ್ರಿ. ರ‍್ಯಾಂಪ್ ಲೆಕ್ಕ ಸರಳ ಐತಿ, 1ಕ್ಕ 12. ಬಾಗಲ ಮುಂದ ಒಂದ್ ಫೂಟ್ ಎತ್ತರ ಪಾವಟಿಗಿ ಇದ್ರ ಹನ್ನೆರಡು ಫೂಟ್ ಉದ್ದ ರ‍್ಯಾಂಪ್ ಬೇಕು. ನಮ್ಮ ಗವಂಡಿಗಳು ಸ್ಕೂಟರ್ ಹತ್ತಿಸೂವಂಗ ಮೂರು ಫೂಟಿನ್ಯಾಗ ಮುಗಿಸಿ ಕೈ ತೊಳಕೋತಾರ, ಅದ್ರ ಮ್ಯಾಲ ವೀಲ್ ಚೇರ್ ಹತ್ತಂಗಿಲ್ಲ, ಇಳಿಯುವಾಗ ಮಕ್ಕಡಿ ಆಗ್ತೈತಿ. ಪಾಯಖಾನಿ ಬಾಗಲ ಹೊರಗ ತೆರಿಯಾಂಗಿರ್ಲಿ, ಒಳಗ ಕೂಸು ಬಿದ್ರ ಒಳಗ ತೆರೆಯೂ ಬಾಗಲ ತೆಗಿಯಾಕ ಬರಂಗಿಲ್ಲ. ಮಹಾನಗರ ಪಾಲಿಕೆ ಲೈಸೆನ್ಸ್, ಬೆಂಕಿ ಆರಿಸೂ ಸಿಲಿಂಡರ್ ಇವನ್ನೂ ಕೇಳ್ತಾರ. ಫಿಸಿಯೋಥೆರಪಿ ಖೋಲಿ ಮಾಡೋರಿದ್ರ ಕೆಪಿಎಂಇ, ಅಂದ್ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕೆಳಗಿನ ನೋಂದಣಿ ಬ್ಯಾರೆ.

ಮಂದಿ ಹೆಂಗ ಇಟ್ಕೋಬೇಕು

ಸ್ಪೆಷಲ್ ಟೀಚರ್, ಸ್ಪೀಚ್ ಥೆರಪಿಸ್ಟ್ ಇವ್ರಿಗೆಲ್ಲಾ ಆರ್‌ಸಿಐ ನೋಂದಣಿ ಬೇಕಾ ಬೇಕು. ಭಾರತೀಯ ಪುನರ್ವಸತಿ ಪರಿಷತ್ತು ಅಂತ, 1992ರ ಕಾಯ್ದೆಯಿಂದ ಆದದ್ದು. ನೋಂದಣಿ ನಂಬರ್ ಇಸ್ಕೊಂಡು ಚಾಲ್ತಿ ಐತೋ ಇಲ್ಲೋ ಅಂತ ನೀವ ಆನ್‌ಲೈನ್ ನೋಡ್ರಿ, ಬರೇ ಡಿಗ್ರಿ ಝೆರಾಕ್ಸ್ ನಂಬಬ್ಯಾಡ್ರಿ. ಆಯಾ, ಡ್ರೈವರ್ ಯಾರ ಇರ್ಲಿ ಪೊಲೀಸ್ ವೆರಿಫಿಕೇಷನ್ ಆಗದ ಮಕ್ಳ ಹತ್ರ ಬಿಡಬ್ಯಾಡ್ರಿ, ಗೊತ್ತಿದ್ದೋರ ಮಗಾ ಆದ್ರೂ. ಹತ್ತು ಮಂದಿ ಕೆಲಸಗಾರ್ರು ಆದ್ರ ಇಎಸ್ಐ, ಕೆಲಸದ ಹೆಣ್ಮಕ್ಳ ಲೈಂಗಿಕ ಕಿರುಕುಳದ ದೂರು ಕೇಳೂ ಆಂತರಿಕ ಸಮಿತಿ ಎರಡೂ ಬರ್ತಾವು, ಇಪ್ಪತ್ತಾದ್ರ ಪಿಎಫ್.

ಮತ್ತ ಒಂದು. ಮಗುವಿನ ಮ್ಯಾಲ ಲೈಂಗಿಕ ದೌರ್ಜನ್ಯ ಆಗೇತಿ ಅಂತ ಗೊತ್ತಾದ್ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸ್ಲೇಬೇಕು. "ಸಂಸ್ಥೆ ಹೆಸರು ಹೋಗ್ತೈತಿ, ಒಳಗ ಮುಗಿಸೂಣು" ಅಂದ್ರ ತಿಳಿಸದೇ ಇದ್ದದ್ದ ಒಂದು ಅಪರಾಧ.

ಆಯಾಗಳಿಗೆ ಫಿಟ್ಸ್ ಬಂದಾಗ ಏನ್ ಮಾಡಬೇಕಂತ ಕಲಸ್ರಿ. ನಮ್ಮ ಕಡೆ ಕೈಯಾಗ ಕೀಲಿ ಹಿಡಸ್ತಾರ, ಉಳ್ಳಾಗಡ್ಡಿ ಮೂಸಸ್ತಾರ, ಬಾಯಾಗ ಚಮಚಾ ಇಡ್ತಾರ. ಯಾವುದೂ ಬ್ಯಾಡ. ಒಂದು ಮಗ್ಗಲಕ್ಕ ಹೊಳ್ಳಿಸಿ ಮಲಗಿಸ್ರಿ, ತಲಿ ಕೆಳಗ ಮೆತ್ತನ್ನ ಅರಿವಿ ಇಡ್ರಿ, ಗಡಿಯಾರ ನೋಡ್ರಿ, ಐದು ನಿಮಿಷ ದಾಟಿದ್ರ ಸೀದಾ ದವಾಖಾನಿ.

ದಿನಾ ಬರಿಯೂ ಪುಸ್ತಕ

ಸೆಂಟರ್ ಉಳಿಸೂದು ನಾಕ್ ರಿಜಿಸ್ಟರ್. ಹಾಜರಿ, ಔಷಧ, ಘಟನೆ, ಸಂಜಿಗೆ ಕೂಸನ್ನ ಯಾರ್ ಕರ್ಕೊಂಡ್ ಹೋದ್ರು ಅನ್ನೂದು. ಔಷಧದ ಪುಸ್ತಕದಾಗ ಯಾವ ಗುಳಗಿ, ಎಷ್ಟು, ಎಷ್ಟೊತ್ತಿಗೆ, ಕೊಟ್ಟೋರ ಸಹಿ. ಮೊಣಕೈ ಸ್ವಲ್ಪ ಕೆತ್ತಿದ್ರೂ ಘಟನೆ ಪುಸ್ತಕದಾಗ ಬರೀರಿ, ಅವತ್ತ ಮನಿಗೆ ಫೋನ್ ಮಾಡ್ರಿ. ನಾಳೆ ತಾಯಿ "ಇದು ನಿಮ್ಮಲ್ಲೇ ಆಗಿದ್ದು" ಅಂದ್ರ ಆ ಸಾಲು ಮಾತಾಡ್ತೈತಿ, ನೀವು ಬಾಯಿ ಮಾಡೂ ಪ್ರಸಂಗ ಬರಂಗಿಲ್ಲ. ಮಕ್ಳ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ ದೇಣಿಗಿ ಕೇಳೂದು ಬಿಡ್ರಿ, ಹಾಕೂದಾದ್ರ ಬರವಣಿಗಿಯಾಗ ಒಪ್ಪಿಗಿ ಇಸ್ಕೋರಿ.

ಸೇರಿಸ್ಕೊಳ್ಳೂವಾಗ ಯುಡಿಐಡಿ ಕಾರ್ಡ್ (ಸರ್ಕಾರ ಕೊಡೂ ವಿಕಲಚೇತನರ ಗುರುತಿನ ಚೀಟಿ) ಕೇಳ್ರಿ, ಇಲ್ದಿದ್ರ ಮಾಡ್ಸಾಕ ಸಹಾಯ ಮಾಡ್ರಿ. ಹಳ್ಳಿ ಮಕ್ಳಾದ್ರ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ತಾಲೂಕಿನ ಎಂಆರ್‌ಡಬ್ಲ್ಯೂ ಅನ್ನೂ ಪುನರ್ವಸತಿ ಕಾರ್ಯಕರ್ತರ ಜೋಡಿ ಪರಿಚಯ ಇಟ್ಕೋರಿ, ಕಲಘಟಗಿ ಕುಂದಗೋಳದ ಯಾವ ಮನ್ಯಾಗ ಯಾವ ಕೂಸು ಮೂಲಿ ಹಿಡದೈತಿ ಅಂತ ಅವ್ರಿಗೇ ಗೊತ್ತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಇದ್ದ ಮಕ್ಳಿಗೆ ನಿರಾಮಯ ವಿಮೆ ಐತಿ, 1 ಲಕ್ಷದ ತನಕ. ಇಂಥಾ ಮಕ್ಳಿಗೆ 18 ತುಂಬಿತಂದ್ರ ತಂದಿ ತಾಯಿ ಕಾನೂನಿನ ಪ್ರಕಾರ ತಾವಾಗೇ ಪೋಷಕರಾಗಿ ಉಳಿಯಂಗಿಲ್ಲ, ಡಿಸಿ ಅಧ್ಯಕ್ಷರಿರೂ ಸ್ಥಳೀಯ ಮಟ್ಟದ ಸಮಿತಿಯಿಂದ ಪೋಷಕತ್ವ ಆದೇಶ ತರಬೇಕು, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದಕ್ಕ ಐತಿ. ಇದನ್ನ ಹದಿನೇಳಕ್ಕೇ ಮನಿಯವ್ರ ಕಿವಿ ಮ್ಯಾಲ ಹಾಕ್ರಿ.

ರೊಕ್ಕದ ಮಾತು ಸಣ್ಣದು. ಸರ್ಕಾರದ ಗ್ರಾಂಟ್ ನಂಬಿ ಶುರು ಮಾಡಬ್ಯಾಡ್ರಿ, ಆರು ತಿಂಗಳ ಬಾಡಿಗಿ, ಪಗಾರ ಕೈಯಾಗ ಇಟ್ಕೊಂಡ ಬಾಗಲಾ ತೆಗೀರಿ. ಫೀ ಆಗ್ಲಿ ದೇಣಿಗಿ ಆಗ್ಲಿ ರಸೀದಿ ಹರೀರಿ.

ಸರ್ಟಿಫಿಕೇಟ್ ಬಂತಂದ್ರ ಅದನ್ನ ಎಲ್ಲಾರಿಗೂ ಕಾಣೂವಂಗ ತೂಗು ಹಾಕಬೇಕು, ಅದೂ ಕಾಯ್ದೆನ. ಅದ್ರಾಗ ಅವಧಿ ಬರ್ದಿರ್ತಾರ, ಮುಗಿಯೂ 60 ದಿನ ಮೊದ್ಲ ನವೀಕರಣದ ಅರ್ಜಿ ಬೀಳಬೇಕು. ಅದ ಗೋಡಿ ಮ್ಯಾಲ ಬಾಜೂಕ ಕ್ಯಾಲೆಂಡರ್ ತೂಗು ಹಾಕಿ, ಆ ತಾರೀಖಿಗೆ ಕೆಂಪು ಪೆನ್ನಿಲೆ ಗೋಲ್ ಹಾಕಿಬಿಡ್ರಿ.