ಜಿಂಕೆ ಬೇಟೆಗೆ ಏನು ಹೊರಬೇಕು, ಹೇಗೆ ಹೊರಬೇಕು

ಬೇಟೆಗೆ ಹೊರಡುವ ಹಿಂದಿನ ರಾತ್ರಿ ಚೀಲ ತುಂಬುವಾಗ ಹೆಚ್ಚಿನವರ ಲೆಕ್ಕವೆಲ್ಲ ಹೋಗುವ ದಾರಿಯದ್ದು. ಲೆಕ್ಕ ಶುರುವಾಗಬೇಕಾದದ್ದು ಬರುವ ದಾರಿಯಿಂದ. 70 ಕಿಲೋ ತೂಗುವ ಜಿಂಕೆಯ ಹೊಟ್ಟೆಯೊಳಗಿನದ್ದನ್ನೆಲ್ಲ ತೆಗೆದ ಮೇಲೂ 55 ಕಿಲೋದಷ್ಟು ಉಳಿಯುತ್ತದೆ. ಮೂಳೆ ಬಿಡಿಸಿ ಮಾಂಸ ಮಾತ್ರ ತೆಗೆದರೆ 25 ಕಿಲೋ ಆಸುಪಾಸು. ಈ ತೂಕವನ್ನು ಕತ್ತಲಾದ ಮೇಲೆ, ದಣಿದ ಕಾಲಿನಲ್ಲಿ ಗಾಡಿಯವರೆಗೆ ತರಬೇಕು. ಆದ್ದರಿಂದ ಬೆಳಿಗ್ಗೆ ಬೆನ್ನ ಮೇಲೆ ನೀರೂ ಸೇರಿ 6ರಿಂದ 8 ಕಿಲೋ ಇದ್ದರೆ ಸಾಕು. 12 ಕಿಲೋ ದಾಟಿದರೆ ಏನೋ ಬೇಡದ್ದು ಒಳಗೆ ಸೇರಿದೆ ಎಂದು ತಿಳಿದು ಚೀಲ ಬಿಚ್ಚಿ ನೋಡಿ.

ಮೊದಲೇ ಹೇಳಬೇಕಾದ ಒಂದು ಮಾತಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಕೆಳಗಿರುವುದೆಲ್ಲ ಪರವಾನಗಿ, ಋತು, ಸಂಖ್ಯೆಯ ಮಿತಿ ಇಟ್ಟು ಬೇಟೆಗೆ ಅವಕಾಶ ಕೊಡುವ ದೇಶಗಳಲ್ಲಿ ಕಾನೂನಿನಂತೆ ಹೋಗುವವರಿಗೆ.

ಮೈಮೇಲೇ ಇರಬೇಕಾದದ್ದು

ಬೇಟೆಯಲ್ಲಿ ಚೀಲ ಯಾವಾಗಲೂ ಬೆನ್ನ ಮೇಲೇ ಇರುವುದಿಲ್ಲ. ಜಿಂಕೆ ಕಣ್ಣಿಗೆ ಬಿದ್ದಾಗ ಚೀಲವನ್ನು ಮರದ ಬುಡದಲ್ಲಿಟ್ಟು ಇನ್ನೂರು ಹೆಜ್ಜೆ ತೆವಳಿಕೊಂಡು ಹೋಗುತ್ತೀರಿ. ಗಾಯಗೊಂಡ ಪ್ರಾಣಿಯ ಜಾಡು ಹಿಡಿದು ಮುಂದೆ ಮುಂದೆ ನಡೆಯುತ್ತೀರಿ, ಅಷ್ಟರಲ್ಲಿ ಕತ್ತಲಾಗುತ್ತದೆ, ಚೀಲವಿಟ್ಟ ಜಾಗ ಸಿಗುವುದಿಲ್ಲ. ಕಾಡಿನಲ್ಲಿ ರಾತ್ರಿ ಸಿಕ್ಕಿಹಾಕಿಕೊಳ್ಳುವವರ ಬಳಿ ಸಾಮಾನಿಗೆ ಕೊರತೆ ಇರುವುದಿಲ್ಲ; ಆ ಸಾಮಾನು ಅರ್ಧ ಮೈಲಿ ಹಿಂದಿನ ಚೀಲದಲ್ಲಿರುತ್ತದೆ. ಹಾಗಾಗಿ ಚೀಲ ಕಳೆದರೂ ರಾತ್ರಿ ಕಳೆಯಲು ಬೇಕಾದಷ್ಟು ಅಂಗಿ-ಪ್ಯಾಂಟಿನ ಜೇಬಿನಲ್ಲೇ ಇರಬೇಕು: ಲೈಟರ್, ಸೀಟಿ, ದಿಕ್ಸೂಚಿ, ಫೋನು, ಬೆರಳುದ್ದದ ಟಾರ್ಚು, ಒರೆಯಲ್ಲಿರುವ ಚಾಕು, ಪರವಾನಗಿ ಮತ್ತು ಟ್ಯಾಗು (ಬೇಟೆಯಾದ ಪ್ರಾಣಿಗೆ ಕಟ್ಟುವ ಗುರುತಿನ ಚೀಟಿ).

ಫೋನನ್ನು ಚಳಿಯಲ್ಲಿ ಹೊರಜೇಬಿನಲ್ಲಿಡಬೇಡಿ. ಬ್ಯಾಟರಿ ತಣ್ಣಗಾದರೆ ಅರ್ಧ ಚಾರ್ಜ್ ಇದ್ದ ಫೋನೂ ತಟಕ್ಕನೆ ಆರಿಹೋಗುತ್ತದೆ. ಒಳ ಅಂಗಿಯ ಮೇಲಿನ ಜೇಬು ಅದರ ಜಾಗ. ಟ್ಯಾಗ್ ಬರೆಯಲು ಬಾಲ್‌ಪೆನ್ ನಂಬಿ ಹೋಗಬೇಡಿ, ಚಳಿಗೆ ಶಾಯಿ ಗಟ್ಟಿಯಾಗಿ ಬರೆಯುವುದೇ ಇಲ್ಲ. ಮೋಟು ಪೆನ್ಸಿಲ್ ಇಟ್ಟುಕೊಳ್ಳಿ. ಪ್ರಾಣಿಯನ್ನು ಅಲುಗಿಸುವ ಮೊದಲೇ ಟ್ಯಾಗ್ ತುಂಬಿ ಕಟ್ಟಬೇಕೆಂಬ ನಿಯಮ ಬಹಳ ಕಡೆ ಇದೆ. ಅದಕ್ಕೆ ಎರಡು ಜಿಪ್-ಟೈ ಟ್ಯಾಗಿನ ಜೊತೆಗೇ ಒಂದು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿರಲಿ.

ದುರ್ಬೀನಿಗೆ ಕುತ್ತಿಗೆಯ ಪಟ್ಟಿ ಸಾಲದು. ಬಗ್ಗಿದಾಗ ಅದು ತೂಗಾಡಿ ಕೋವಿಗೆ ಬಡಿಯುತ್ತದೆ, ಆ ಸದ್ದು ಜಿಂಕೆಗೆ ಸಾಕು. ಎರಡೂ ಹೆಗಲಿಗೆ ಬರುವ ಎದೆಪಟ್ಟಿಯಲ್ಲಿ ಕಟ್ಟಿದರೆ ಎದೆಗೆ ಅಂಟಿಕೊಂಡಿರುತ್ತದೆ, ಚೀಲ ಇಳಿಸಿದಾಗಲೂ ಜೊತೆಗಿರುತ್ತದೆ. ದಟ್ಟ ಕಾಡಿಗೆ 8x42, ಬಯಲಿಗೆ 10x42 ಒಳ್ಳೆಯದು (ಮೊದಲ ಸಂಖ್ಯೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ). ಅದೇ ಎದೆಚೀಲದ ಪಕ್ಕದಲ್ಲಿ ಗಾಳಿ ನೋಡುವ ಪುಡಿಯ ಪುಟ್ಟ ಬಾಟಲಿ ಇರಲಿ. ಅದು ಬೆನ್ನಚೀಲದಲ್ಲಿದ್ದರೆ ಯಾರೂ ತೆಗೆದು ನೋಡುವುದಿಲ್ಲ, ಗಾಳಿ ತಿರುಗಿದ್ದು ಗೊತ್ತಾಗುವ ಹೊತ್ತಿಗೆ ನಿಮ್ಮ ವಾಸನೆ ಹಿಡಿದು ಜಿಂಕೆ ಹೋಗಿರುತ್ತದೆ.

ಕೋವಿ ಮತ್ತು ತೋಟೆ

ಒಂದು ದಿನಕ್ಕೆ 8ರಿಂದ 10 ತೋಟೆ ಬೇಕಾದಷ್ಟಾಯಿತು. ಅವನ್ನು ಬೀಗದ ಕೈ, ಚಿಲ್ಲರೆಯ ಜೊತೆ ಜೇಬಿಗೆ ಸುರಿದುಕೊಂಡರೆ ಪ್ರತಿ ಹೆಜ್ಜೆಗೂ ಕಿಣಿಕಿಣಿ ಎನ್ನುತ್ತವೆ. ಮೆತ್ತನೆಯ ತುದಿಯ ಗುಂಡಾದರೆ ಮೂತಿ ಜಜ್ಜಿಹೋಗುತ್ತದೆ. ಪ್ರತಿ ತೋಟೆಗೂ ಬೇರೆ ಬೇರೆ ಕುಣಿಕೆ ಇರುವ ಬಟ್ಟೆಯ ಪಟ್ಟಿ ತೆಗೆದುಕೊಳ್ಳಿ.

ಹೊರಡುವ ಮುನ್ನ ಹಳೆಯ ಜಾಕೆಟ್ಟಿನ ಜೇಬುಗಳನ್ನು ಪೂರ್ತಿ ಖಾಲಿ ಮಾಡಿ ನೋಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಗೇಜ್ ಎಂದರೆ ನಳಿಗೆಯ ಅಗಲದ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ತೋಟೆ ಸಣ್ಣದು. 20 ಗೇಜಿನ ತೋಟೆ 12 ಗೇಜಿನ ಕೋವಿಗೆ ಹೋದರೆ ಅದು ಕೋಣೆಯಲ್ಲಿ ನಿಲ್ಲದೆ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ನೋಡಿದರೆ ಕೋವಿ ಖಾಲಿ. ಅದರ ಹಿಂದೆ ಸರಿಯಾದ 12ರ ತೋಟೆ ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ, ಮುಂಗೈ ಇರುವುದು ಅಲ್ಲೇ. 20 ಗೇಜಿನ ತೋಟೆಗೆ ಹಳದಿ ಬಣ್ಣ ಕೊಟ್ಟಿರುವುದು ಈ ಅಪಾಯ ತಪ್ಪಿಸಲೆಂದೇ. ಒಂದು ಕೋವಿಗೆ ಒಂದು ಜಾಕೆಟ್ಟು, ಒಂದು ತೋಟೆಪಟ್ಟಿ ಎಂದು ಗೊತ್ತು ಮಾಡಿಕೊಂಡವರಿಗೆ ಈ ತಪ್ಪು ಆಗುವುದಿಲ್ಲ.

ಬೆನ್ನಚೀಲದ ಜೊತೆ ಕೋವಿಯನ್ನು ಹೆಗಲಿಗೆ ಹಾಕಿದರೆ ಪಟ್ಟಿ ಜಾರುತ್ತಲೇ ಇರುತ್ತದೆ. ಚೀಲದ ಹೆಗಲಪಟ್ಟಿಯ ಹೊರ ಅಂಚಿಗೆ ಒಂದು ದಪ್ಪ ಗುಂಡಿ ಹೊಲಿದುಬಿಟ್ಟರೆ ಕೋವಿಪಟ್ಟಿ ಅದಕ್ಕೆ ತಡೆದು ನಿಲ್ಲುತ್ತದೆ. ಇನ್ನೊಂದು ಸಂಗತಿ: ಕೋವಿಯ ಮೂತಿ ಮೇಲಾಗಿ ಹೊತ್ತವರು ಕೊಂಬೆಯಡಿ ಬಗ್ಗಿದರೆ ಮೂತಿ ನೇರ ಮುಂದಿನವರ ಬೆನ್ನಿಗೆ ತಿರುಗುತ್ತದೆ. ಸಾಲಾಗಿ ನಡೆಯುವಾಗ ಕೋವಿ ಕೈಯಲ್ಲಿರಲಿ, ಮೂತಿ ಪಕ್ಕಕ್ಕಿರಲಿ. ಬೇಲಿ ದಾಟುವಾಗ ತೋಟೆ ತೆಗೆದು, ಮೂತಿ ನಿಮ್ಮಿಂದ ಆಚೆ ಇರುವಂತೆ ಕೋವಿಯನ್ನು ಬೇಲಿಯಡಿ ಮಲಗಿಸಿ, ಕಂಬದ ಹತ್ತಿರ ದಾಟಿ. ಜಾರಿ ಬಿದ್ದರೆ ಮೊದಲು ಮಾಡಬೇಕಾದದ್ದು ಮೂತಿಯಲ್ಲಿ ಕೆಸರೋ ಹಿಮವೋ ಸೇರಿದೆಯೇ ಎಂದು ತೋಟೆ ತೆಗೆದು ನೋಡುವುದು. ಕಟ್ಟಿದ ನಳಿಗೆಯೂ ಸಿಡಿಯುತ್ತದೆ.

ಬಿಲ್ಲುಗಾರರಿಗೆ ಹೇಳಬೇಕಾದದ್ದು ಕಡಿಮೆ. ಬಾಣದ ಅಲಗುಗಳು ಪೂರ್ತಿ ಮುಚ್ಚಿಹೋಗುವ ಬತ್ತಳಿಕೆಯೇ ಆಗಬೇಕು. ಅವು ಕ್ಷೌರದ ಬ್ಲೇಡಿನಷ್ಟೇ ಹರಿತ, ಬಿದ್ದಾಗ ಮೊದಲು ಕೊಯ್ಯುವುದು ಹೊತ್ತವರನ್ನೇ.

ಚೀಲದೊಳಗೆ ಯಾವುದು ಎಲ್ಲಿ

30ರಿಂದ 40 ಲೀಟರಿನ, ಒಳಗೆ ಚೌಕಟ್ಟಿರುವ ಚೀಲ ಬೇಕು. ಚೌಕಟ್ಟಿಗೂ ಚೀಲಕ್ಕೂ ನಡುವೆ ಮಾಂಸ ಕಟ್ಟಲು ಜಾಗ ಬಿಟ್ಟಿರುವಂಥವು ಸಿಗುತ್ತವೆ, ಕೊಳ್ಳುವುದಿದ್ದರೆ ಅದನ್ನೇ ಕೊಳ್ಳಿ. ಶಾಲಾಚೀಲದಂತಹ ಮೆತ್ತನೆಯದ್ದು ಬೆಳಿಗ್ಗೆ ಹಾಯಾಗಿರುತ್ತದೆ. ಸಂಜೆ 25 ಕಿಲೋ ಹಾಕಿದ ಕೂಡಲೇ ಚೆಂಡಿನಂತೆ ದುಂಡಗಾಗಿ ಹೆಗಲನ್ನು ಹಿಂದಕ್ಕೆಳೆಯುತ್ತದೆ.

ತಳದಲ್ಲಿ ಬೇಟೆ ಆದ ಮೇಲಷ್ಟೇ ಬೇಕಾಗುವ ಗಂಟು. ಗಾಳಿಯಾಡುವ ಬಟ್ಟೆಯ ಮಾಂಸದ ಚೀಲ ಐದು (ನಾಲ್ಕು ಕಾಲಿಗೆ ನಾಲ್ಕು, ಬಿಡಿ ಮಾಂಸಕ್ಕೊಂದು), ರಬ್ಬರ್ ಕೈಗವಸು ಎರಡು ಜೊತೆ, 15 ಮೀಟರ್ ಪ್ಯಾರಾಕಾರ್ಡ್ (ತೆಳ್ಳಗಿನ ಗಟ್ಟಿ ನೈಲಾನ್ ಹಗ್ಗ), ಎಳೆಯಲು ಬೆರಳು ದಪ್ಪದ ಹಗ್ಗ 4 ಮೀಟರ್, ಇನ್ನೊಂದು ಚಾಕು, ಸಣ್ಣ ಸಾಣೆ. ಇಷ್ಟನ್ನೂ ನೀರು ತಾಗದ ಒಂದೇ ಚೀಲದಲ್ಲಿ ಸುತ್ತಿಟ್ಟರೆ ದಿನವಿಡೀ ಅದನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಚಾಕಿನ ಅಲಗು 8ರಿಂದ 10 ಸೆಂಟಿಮೀಟರ್ ಸಾಕು. ಇದಕ್ಕಿಂತ ಉದ್ದದ್ದಾದರೆ ಹೊಟ್ಟೆ ಸೀಳುವಾಗ ತುದಿ ಎಲ್ಲಿದೆ ಎಂದು ಬೆರಳಿಗೆ ತಿಳಿಯದೆ ಕರುಳು ತೂತಾಗುತ್ತದೆ, ಮಾಂಸ ಹೊಲಸಾಗುತ್ತದೆ. ಬೇಟೆಯಲ್ಲಿ ಚಾಕಿನ ಗಾಯ ಸಾಮಾನ್ಯ, ಮೊಂಡಾದ ಚಾಕನ್ನು ಬಲ ಹಾಕಿ ಒತ್ತಿದಾಗ ಅದು ಸುಲಭವಾಗಿ ಆಗುತ್ತದೆ. ಸಾಣೆ ಮರೆಯಬಾರದು ಎನ್ನುವುದು ಅದಕ್ಕೆ.

ನಡುವೆ, ಬೆನ್ನಿಗೆ ತಾಗಿಕೊಂಡು ನೀರು, 2ರಿಂದ 3 ಲೀಟರ್. ಕೊಳವೆಯಿಂದ ಹೀರುವ ನೀರಿನ ಚೀಲವಾದರೆ ಪ್ರತಿ ಸಲ ಕುಡಿದ ಮೇಲೆ ಕೊಳವೆಯಲ್ಲಿ ಉಳಿದದ್ದನ್ನು ಊದಿ ಹಿಂದಕ್ಕೆ ಕಳಿಸಿ. ಇಲ್ಲದಿದ್ದರೆ ಚಳಿಯಲ್ಲಿ ಮೊದಲು ಹೆಪ್ಪುಗಟ್ಟುವುದು ಕೊಳವೆ, ಒಳಗೆ ನೀರಿದ್ದೂ ಕುಡಿಯಲಾಗುವುದಿಲ್ಲ. ಬಾಟಲಿಯಾದರೆ ತಲೆಕೆಳಗಾಗಿಡಿ. ಮಂಜುಗಡ್ಡೆ ಕಟ್ಟುವುದು ಮೇಲ್ಭಾಗದಲ್ಲಿ, ಅಂದರೆ ತಳದ ಕಡೆ, ಬಾಯಿ ತೆರೆದೇ ಇರುತ್ತದೆ.

ಎಲ್ಲಕ್ಕಿಂತ ಮೇಲೆ ದಪ್ಪ ಜಾಕೆಟ್ಟು. ಅದನ್ನು ತೊಟ್ಟುಕೊಂಡು ನಡೆಯುವುದು ಹೊಸಬರು ಮಾಡುವ ದೊಡ್ಡ ತಪ್ಪು. ಏರು ಹತ್ತುವಾಗ ಬೆವರುತ್ತದೆ, ಕೂತ ಅರ್ಧ ಗಂಟೆಗೆ ಆ ಬೆವರು ತಣ್ಣಗಾಗಿ ನಡುಕ ಹುಟ್ಟುತ್ತದೆ, ನಡುಗುವ ಕೈಯಲ್ಲಿ ಗುರಿ ನಿಲ್ಲುವುದಿಲ್ಲ. ತುಸು ಚಳಿಯಾಗುವಷ್ಟು ಬಟ್ಟೆಯಲ್ಲೇ ಹೊರಡಿ, ಜಾಗ ತಲುಪಿ ಐದು ನಿಮಿಷ ಆರಿಸಿಕೊಂಡು ಜಾಕೆಟ್ ಹಾಕಿಕೊಳ್ಳಿ. ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ, ಒದ್ದೆಯಾದರೆ ಅದು ಬೇಗ ಒಣಗುವುದಿಲ್ಲ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ.

ಮುಚ್ಚಳದ ಜೇಬಿನಲ್ಲಿ ಹಣೆಗೆ ಕಟ್ಟುವ ದೀಪ, ಅದಕ್ಕೆ ಇನ್ನೊಂದು ಜೊತೆ ಲಿಥಿಯಂ ಸೆಲ್ಲು (ಚಳಿಯಲ್ಲಿ ಸಾಮಾನ್ಯ ಸೆಲ್ಲಿಗಿಂತ ಬಾಳಿಕೆ ಬರುತ್ತವೆ), ಜಾಡು ಗುರುತಿಸಲು ಬಣ್ಣದ ಟೇಪು, ಗಾಯಕ್ಕೆ ಬಿಗಿಯಾಗಿ ಕಟ್ಟುವ ಬ್ಯಾಂಡೇಜು. ರಕ್ತ ಕಟ್ಟಿಹಾಕುವ ಟೂರ್ನಿಕೆಟ್ ಮಾತ್ರ ಒಳಗೆ ಬೇಡ. ಎಡಗೈಗೂ ಬಲಗೈಗೂ ಎಟಕುವಂತೆ ಸೊಂಟಪಟ್ಟಿಯ ನಡುವಿನಲ್ಲಿ ಸಿಗಿಸಿ. ಗಾಯವಾದದ್ದು ಯಾವ ಕೈಗೆ ಎಂದು ಮೊದಲೇ ಗೊತ್ತಿರುವುದಿಲ್ಲ. ಗಾಯದಿಂದ 5–7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಬಾರದಂತೆ ಕಟ್ಟಿ, ಕಟ್ಟಿದ ಸಮಯ ಬರೆದಿಡಬೇಕು.

ತಿಂಡಿಯನ್ನು ಪರಪರ ಎನ್ನುವ ಪೊಟ್ಟಣದಿಂದ ಬಿಡಿಸಿ ಬಟ್ಟೆಯಲ್ಲಿ ಕಟ್ಟಿ. ಚೀಲದ ಜಿಪ್ಪುಗಳ ಲೋಹದ ಹಿಡಿ ತೆಗೆದು ದಾರದ ಕುಣಿಕೆ ಹಾಕಿ. ವೆಲ್ಕ್ರೋ ಇರುವ ಜೇಬಿನಲ್ಲಿ ಬೇಟೆಯ ಹೊತ್ತಿಗೆ ಬೇಕಾಗುವ ಯಾವುದನ್ನೂ ಇಡಬೇಡಿ. ಎಲ್ಲ ತುಂಬಿ ಹೆಗಲಿಗೇರಿಸಿ ನಿಂತಲ್ಲೇ ನಾಲ್ಕು ಸಲ ಜಿಗಿದರೆ ಯಾವುದು ಸದ್ದು ಮಾಡುತ್ತದೆ ಎಂದು ಮನೆಯಲ್ಲೇ ತಿಳಿಯುತ್ತದೆ.

ಹೊರುವಾಗ ಮೊದಲು ಸೊಂಟಪಟ್ಟಿ ಬಿಗಿಯಿರಿ, ಅದು ಸೊಂಟದ ಮೂಳೆಯ ಏಣಿನ ಮೇಲೆ ಕೂರಬೇಕು. ಹೊಟ್ಟೆಯ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ಆಮೇಲೆ ಹೆಗಲಪಟ್ಟಿ, ಕೊನೆಗೆ ಹೆಗಲ ಮೇಲಿನ ಸಣ್ಣ ಎಳೆಪಟ್ಟಿ. ಅದು ಸುಮಾರು 45 ಡಿಗ್ರಿಯಲ್ಲಿದ್ದರೆ ಸರಿ. ತೂಕದ ಮುಕ್ಕಾಲು ಪಾಲು ಸೊಂಟಕ್ಕೆ ಬಂದಿರಬೇಕು.

ಕಿತ್ತಳೆ ಬಣ್ಣ

ಜಿಂಕೆಯ ಕಣ್ಣಿಗೆ ಕೆಂಪು ಗುರುತಿಸುವ ಕೋಶಗಳಿಲ್ಲ, ಉರಿಯುವ ಕಿತ್ತಳೆಯೂ ಅದಕ್ಕೆ ಮಂಕಾಗಿಯೇ ಕಾಣುತ್ತದೆ. ನೀಲಿಯನ್ನು ಮಾತ್ರ ಚೆನ್ನಾಗಿ ಕಾಣುತ್ತದೆ, ಹಾಗಾಗಿ ನೀಲಿ ಜೀನ್ಸ್ ಬೇಡ. ಕಿತ್ತಳೆ ಇರುವುದು ಇತರ ಬೇಟೆಗಾರರ ಕಣ್ಣಿಗೆ. ಕಿತ್ತಳೆ ಅಂಗಿ ತೊಟ್ಟು ಮೇಲೆ ಕಾಡುಬಣ್ಣದ ಚೀಲ ಹೊತ್ತರೆ ಹಿಂದಿನಿಂದ ನೋಡುವವರಿಗೆ ಕಿತ್ತಳೆಯೇ ಇಲ್ಲ. ಚೀಲಕ್ಕೂ ಕಿತ್ತಳೆ ಹೊದಿಕೆ ಹಾಕಿ.

ಅಟ್ಟಣೆ ಹತ್ತುವುದಾದರೆ

ಮರದ ಮೇಲಿನ ಅಟ್ಟಣೆಗೆ ಏನನ್ನೂ ಹೊತ್ತು ಹತ್ತಬಾರದು. ಬೀಳುವವರು ಹೆಚ್ಚಾಗಿ ಬೀಳುವುದು ಹತ್ತುವಾಗ, ಇಳಿಯುವಾಗ, ಏಣಿಯಿಂದ ಅಟ್ಟಣೆಗೆ ಕಾಲಿಡುವಾಗ. ಬೆನ್ನ ಮೇಲಿನ ಚೀಲ ಆಗ ಹಿಂದಕ್ಕೆಳೆಯುತ್ತದೆ. ಮೈಗೆಲ್ಲ ಬರುವ ಹಾರ್ನೆಸ್ (ಬಿದ್ದರೆ ಹಿಡಿದು ನಿಲ್ಲಿಸುವ ಪಟ್ಟಿಗಳ ಕವಚ) ನೆಲದಲ್ಲೇ ತೊಟ್ಟು, ಮೇಲಿನಿಂದ ಬುಡದವರೆಗೆ ಬಿಟ್ಟಿರುವ ಸುರಕ್ಷಾಹಗ್ಗಕ್ಕೆ ಪ್ರೂಸಿಕ್ ಗಂಟಿನಲ್ಲಿ (ಕೈಯಿಂದ ಸರಿಸಿದರೆ ಜಾರುವ, ತೂಕ ಬಿದ್ದರೆ ಬಿಗಿಯುವ ಗಂಟು) ಕೊಂಡಿ ಹಾಕಿ, ಗಂಟನ್ನು ಸದಾ ತಲೆಯ ಮಟ್ಟಕ್ಕೆ ಸರಿಸಿಕೊಳ್ಳುತ್ತ ಹತ್ತಿ. ಕೂತ ಮೇಲೆ ಹಗ್ಗದಲ್ಲಿ ಸಡಿಲ ಉಳಿಯಬಾರದು. ಅಟ್ಟಣೆ 6 ಮೀಟರ್ ಎತ್ತರದ್ದಾದರೆ ಸಾಮಾನು ಸೇದಲು 9 ಮೀಟರ್ ಹಗ್ಗ ಬೇಕು. ಕೋವಿಯಿಂದ ತೋಟೆ ತೆಗೆದು, ಬೋಲ್ಟ್ (ತೋಟೆಯ ಕೋಣೆ ಮುಚ್ಚುವ ಭಾಗ) ತೆರೆದು, ಮೂತಿ ಕೆಳಗಾಗಿ ಕಟ್ಟಿ ಸೇದಿ. ಮೂತಿ ನೆಲಕ್ಕೆ ತಾಗಿ ಮಣ್ಣು ತುಂಬದಂತೆ ನೋಡಿಕೊಳ್ಳಿ.

ಬಿದ್ದು ಹಾರ್ನೆಸ್ಸಿನಲ್ಲಿ ನೇತಾಡಿದರೂ ಅಪಾಯ ಮುಗಿದಿರುವುದಿಲ್ಲ. ಕಾಲಪಟ್ಟಿಗಳು ರಕ್ತ ಹರಿಯುವುದನ್ನು ತಡೆದು ಪ್ರಜ್ಞೆ ತಪ್ಪಬಹುದು. ಕಾಲಿಟ್ಟು ನಿಲ್ಲಲು ಒಂದು ಕುಣಿಕೆಪಟ್ಟಿ ಜೇಬಿನಲ್ಲಿರಬೇಕು, ಫೋನು ಸೀಟಿ ಎರಡೂ ಎದೆಯ ಮೇಲಿರಬೇಕು. ಕೊಕ್ಕೆಗೆ ನೇತುಹಾಕಿದ ಚೀಲದಲ್ಲಿದ್ದರೆ ಆಗ ಕೈಗೆ ಸಿಗುವುದಿಲ್ಲ.

ಮಾಂಸ ಹೊರುವುದು

ದಾರಿ ಒಂದು ಕಿಲೋಮೀಟರಿಗಿಂತ ಕಡಿಮೆ ಇದ್ದು ಇಳಿಜಾರಾಗಿದ್ದರೆ ಎಳೆದು ತರುವುದೇ ಸುಲಭ. ಕೊಂಬಿಗೋ ಕುತ್ತಿಗೆಗೋ ಹಗ್ಗ ಬಿಗಿದು, ಮುಂಗಾಲುಗಳನ್ನೂ ತಲೆಗೆ ಸೇರಿಸಿ ಕಟ್ಟಿ, ತಲೆ ಮುಂದಾಗಿ ಎಳೆಯಿರಿ. ಕೂದಲು ಬೆಳೆದ ದಿಕ್ಕಿಗೆ ಮೈ ಜಾರುತ್ತದೆ. ಕಾಲು ಹಿಡಿದು ಎಳೆದರೆ ಕೂದಲು ಎದುರಾಗಿ ನೆಲ ಹಿಡಿಯುತ್ತದೆ. ಹಗ್ಗದ ತುದಿಗೆ ಗೇಣುದ್ದದ ಕೋಲು ಕಟ್ಟಿಕೊಳ್ಳಿ, ಅಂಗೈ ಉಳಿಯುತ್ತದೆ.

ಅದಕ್ಕಿಂತ ದೂರವಾದರೆ ಕಡಿದು ಹೊರಬೇಕು. ಮಾಂಸವನ್ನು ಪ್ಲಾಸ್ಟಿಕ್ಕಿಗೆ ಹಾಕಬೇಡಿ. ಬಿಸಿಯೂ ಪಸೆಯೂ ಒಳಗೇ ಉಳಿದು ಕೆಡುತ್ತದೆ. ಬಟ್ಟೆಚೀಲದಲ್ಲಿ ಹಾಕಿ ನೆರಳಿನಲ್ಲಿ ತೂಗುಹಾಕಿ ಆರಲು ಬಿಡಿ. ನಂತರ ಭಾರದ ತೊಡೆಯನ್ನು ಚೌಕಟ್ಟಿಗೆ ತಾಗಿಸಿ, ಹೆಗಲ ಎಲುಬುಗಳ ನಡುವಿನ ಎತ್ತರಕ್ಕೆ ಬಿಗಿಯಿರಿ. ಸುಮ್ಮನೆ ಚೀಲಕ್ಕೆ ಸುರಿದರೆ ಮಾಂಸ ತಳಕ್ಕಿಳಿದು ಹಿಂದಕ್ಕೆಳೆಯುತ್ತದೆ, ಜಾಕೆಟ್ಟಿಗೂ ರಕ್ತ ಸೇರುತ್ತದೆ. 25 ಕಿಲೋ ಒಂದೇ ಸಲಕ್ಕೆ ಭಾರವೆನಿಸಿದರೆ ಎರಡು ಸಲ ಮಾಡಿ. ಮೊದಲ ಸಲಕ್ಕೆ ಹಿಂದೊಡೆ ಮತ್ತು ಬೆನ್ನಿನ ಮಾಂಸ ಹೋಗಲಿ, ಉಳಿದದ್ದನ್ನು ಎತ್ತರಕ್ಕೆ ತೂಗುಹಾಕಿ ಜಾಗಕ್ಕೆ ಟೇಪು ಕಟ್ಟಿ ಬನ್ನಿ.

ಹೊರೆ ಹೊತ್ತು ಹೊರಡುವ ಮುನ್ನ ಕೋವಿಯ ತೋಟೆ ತೆಗೆಯಿರಿ. ಕೊಂಬುಳ್ಳ ತಲೆಯನ್ನು ಚೀಲಕ್ಕೆ ಕಟ್ಟುವಾಗ ಕೊಂಬು ಕೆಳಮುಖವಾಗಿರಲಿ, ಮೇಲೆ ಕಿತ್ತಳೆ ಬಟ್ಟೆ ಸುತ್ತಿ. ಪೊದೆಗಳ ನಡುವೆ ಅಲುಗಾಡುವ ಕೊಂಬನ್ನು ನೋಡಿ ಇನ್ನೊಬ್ಬ ಬೇಟೆಗಾರ ಕೋವಿ ಎತ್ತಬಾರದು. ಕತ್ತಲಾಗದಿದ್ದರೂ ಹಣೆದೀಪ ಹೊತ್ತಿಸಿಕೊಂಡೇ ನಡೆಯಿರಿ.